ಹುಲ್ಲಿನ ಬೇರಿಗೂ ರೋಮವುಂಟು

ಮಳೆ ಹಿಡಿದೊಡನೆ ರಾಮಕುಂಜದ ಕಡೆಯ ಹೈನುಗಾರರಿಗೆ ಒಂದು ಕೆಲಸ ಇದ್ದೇ ಇದೆ. ನೆರೆಯವರ ತೋಟದ ಬದಿಯಿಂದ ನೇಪಿಯರ್ ಹುಲ್ಲಿನ ಬುಡ ಕಿತ್ತು ತಂದು ನೆಡುವುದು. ಮಣ್ಣು ಕೊಡವಿದರೆ ಹೊರೆ ಹಗುರ. ತಂದು ಹಟ್ಟಿಯ ಎದುರು ಹಾಕಿ, ಪುರುಸೊತ್ತಾದಾಗ ನೆಡುತ್ತಾರೆ. ಆಮೇಲೆ ಅರ್ಧಕ್ಕರ್ಧ ಬುಡ ಒಣಗಿದರೆ ದೂರು ತಳಿಯ ಮೇಲೆ. ಹೆಚ್ಚಿನ ಸಲ ತಪ್ಪು ತಳಿಯದ್ದಲ್ಲ.

ಹುಲ್ಲಿಗೆ ತಾಯಿಬೇರು ಇಲ್ಲ. ಬುಡದಿಂದ ಗೊಂಚಲಾಗಿ ಹೊರಡುವ ಬೇರುಗಳಿಗೆ ತಂತುಬೇರು ಎಂದೂ, ಅವುಗಳಿಂದ ಕವಲೊಡೆಯುವ ಕಿರುಬೇರುಗಳಿಗೆ ಪಾರ್ಶ್ವಬೇರು ಎಂದೂ ಸಸ್ಯಶಾಸ್ತ್ರದಲ್ಲಿ ಹೆಸರು. ಕಿರುಬೇರಿನ ತುದಿಗಿಂತ ತುಸು ಹಿಂದೆ ಬಿಳಿ ತುಪ್ಪುಳದಂತೆ ಕಾಣುವುದೇ ಬೇರುರೋಮ. ರೋಮವೆಂದರೂ ದನದ ಮೈಕೂದಲಿನಂತೆ ನಿರ್ಜೀವವಲ್ಲ. ಬೇರಿನ ಹೊರಪದರದ ಒಂದೇ ಒಂದು ಜೀವಕೋಶ ಹೊರಕ್ಕೆ ಚಾಚಿ ಆದದ್ದು. ದನದ ಡಾಕ್ಟರನಾದ ನನಗೆ ಇದನ್ನು ನೋಡಿದರೆ ಸಣ್ಣಕರುಳಿನ ಒಳಗೋಡೆಯ ಎಳೆಗಳೇ ನೆನಪಾಗುತ್ತವೆ. ಎರಡರ ಕೆಲಸವೂ ಹೀರುವುದೇ.

ಇವು ಎಷ್ಟಿರುತ್ತವೆ? 1937ರಲ್ಲಿ ಅಮೆರಿಕದ ಹೊವಾರ್ಡ್ ಡಿಟ್ಮರ್ ಎಂಬ ಸಸ್ಯವಿಜ್ಞಾನಿ, ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆದ ಒಂದೇ ಒಂದು ರೈ ಗಿಡದ ಬೇರುಗಳ ಲೆಕ್ಕ ಹಾಕಿದರು. ರೈ ಕೂಡ ಹುಲ್ಲಿನ ಜಾತಿಯದೇ. ಬೇರುಗಳ ಒಟ್ಟು ಉದ್ದ ಸುಮಾರು 620 ಕಿ.ಮೀ. ಬೇರುರೋಮಗಳು ಸುಮಾರು 1,400 ಕೋಟಿ. ಅವುಗಳ ಉದ್ದ ಸೇರಿಸಿದರೆ 10,000 ಕಿ.ಮೀ.ಗೂ ಹೆಚ್ಚು!

ಆದರೆ ಇವು ಬಹಳ ಮೃದು. ಬುಡ ಕಿತ್ತು ಕೊಡವುವಾಗ ಬಹುಪಾಲು ಹರಿದು ಮಣ್ಣಿನಲ್ಲೇ ಉಳಿಯುತ್ತವೆ, ಉಳಿದವು ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲೇ ಒಣಗುತ್ತವೆ. ಅಂಥ ಬುಡವನ್ನು ಎಲೆ ಸಮೇತ ನೆಟ್ಟರೆ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ, ಕೆಳಗಿನಿಂದ ಹೀರುವವರಿಲ್ಲ. ಆದ್ದರಿಂದ ಬುಡವನ್ನು ಮಣ್ಣಿನ ಹೆಂಟೆಯೊಡನೆ ಅಗೆದು ತೆಗೆಯಿರಿ, ಎಲೆ ಸವರಿರಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಅಂದೇ ನೆಡಿರಿ.

ಇನ್ನೊಂದು ಮಾತು. ಹಟ್ಟಿ ತೊಳೆದ ಗಂಜಲವನ್ನು ನೇರವಾಗಿ ಹುಲ್ಲಿನ ಬುಡಕ್ಕೆ ಬಿಡುವವರಿದ್ದಾರೆ. ಸಾಲದ್ದಕ್ಕೆ ಹಸಿ ಸೆಗಣಿಯ ರಾಶಿ ಬೇರೆ. ದಟ್ಟ ಗಂಜಲದ ಲವಣಕ್ಕೆ ಎಳೆಬೇರು ಸುಡುತ್ತದೆ. ಧಾರಾಳ ನೀರು ಬೆರೆಸಿ, ಜಾಗ ಬದಲಿಸುತ್ತಾ ಬಿಡಿ. ಬೈಲಿನ ಗದ್ದೆಯಲ್ಲಿ ನೆಟ್ಟವರು ಕಣಿ ತೆಗೆದಿಡಬೇಕು. ನಮ್ಮ ಆಟಿಯ ಮಳೆಗೆ ನೀರು ನಿಂತರೆ ಬೇರಿಗೆ ಗಾಳಿ ಸಿಗದು.

ಪಕ್ಕದಲ್ಲೇ ಇರುವ ತೆಂಗಿಗೆ ಬೇರುರೋಮವೇ ಇಲ್ಲ ಎಂಬುದು ಸೋಜಿಗ. ಅದು ಎಳೆಬೇರಿನ ತುದಿಯ ಭಾಗದಿಂದಲೇ ಹೀರುತ್ತದೆ. ಅಲಸಂಡೆಯದು ಬೇರೆ ಕಥೆ: ಸಾರಜನಕ ಹಿಡಿದಿಡುವ ರೈಜೋಬಿಯಂ ಸೂಕ್ಷ್ಮಾಣು ಬೇರಿನೊಳಕ್ಕೆ ನುಗ್ಗುವುದು ಬೇರುರೋಮದ ದಾರಿಯಲ್ಲಿ. ಗಂಟು ಕಟ್ಟುವುದು ಆಮೇಲೆ.

ಬುಡದ ರಗಳೆಯೇ ಬೇಡ ಎನ್ನುವವರು ಬಲಿತ ಕಾಂಡದ ಮೂರು ಗೆಣ್ಣಿನ ತುಂಡು ನೆಡಬಹುದು. ಎರಡು ಗೆಣ್ಣು ಮಣ್ಣಿನೊಳಗೆ, ಒಂದು ಹೊರಗೆ, ಸ್ವಲ್ಪ ಓರೆಯಾಗಿ. ಹೊಸ ಬೇರು ಅಲ್ಲೇ ಹುಟ್ಟುವುದರಿಂದ ಕಿತ್ತುಹೋಗುವ ಪ್ರಶ್ನೆಯಿಲ್ಲ. ಮೊದಲ ಕಟಾವಿಗೆ ಎರಡೂವರೆ ತಿಂಗಳು ಕಾಯಿರಿ.