ಬಳ್ಳಿಯ ರಕ್ತ ಟ್ಯಾಂಕಿಗೋ, ಮಗುವಿಗೋ?

ಪ್ರಶ್ನೆ: ಡಾಕ್ಟರೇ, ನಾವಿರುವುದು ಹೊರಮಾವು ಅಗರ ಕೆರೆಯ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ. ಹೆಂಡತಿಗೆ ಈಗ ಏಳು ತಿಂಗಳು, ಚೊಚ್ಚಲು. ಸ್ಟೆಮ್ ಸೆಲ್ ಬ್ಯಾಂಕಿನವರು ಮನೆಗೇ ಬಂದು, ಮಗುವಿನ ಹೊಕ್ಕುಳಬಳ್ಳಿಯ ರಕ್ತ ಕಾದಿರಿಸಿ ಎನ್ನುತ್ತಿದ್ದಾರೆ. ಎಂಬತ್ತು ಕಾಯಿಲೆಗೆ ಮದ್ದಂತೆ. ಈಗ ಬಂದಿರುವ ಜೀನ್ ಥೆರಪಿಗೂ ಕಾರ್-ಟಿ ಚಿಕಿತ್ಸೆಗೂ ಮಗುವಿನ ಸ್ವಂತ ಕೋಶವೇ ಬೇಕಂತೆ, ಹೆರಿಗೆಯ ದಿನ ತಪ್ಪಿದರೆ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲವಂತೆ. ಸುಮಾರು 75 ಸಾವಿರ, ಕಂತಿನಲ್ಲೂ ಕಟ್ಟಬಹುದು. ‘ಬಳ್ಳಿ ಮಣ್ಣಿಗೆ ಹೋಗುವಂಥದ್ದು, ಫ್ರಿಜ್ಜಿಗೆ ಯಾಕೆ’ ಎಂದು ನಮ್ಮತ್ತೆ ನಗುತ್ತಾರೆ. ನಾಳೆ ಏನಾದರೂ ಆದರೆ ದುಡ್ಡಿನ ಮುಖ ನೋಡಿದೆವಲ್ಲ ಎಂದು ಕೊರಗುವ ಹಾಗಾಗಬಾರದು ಎಂಬುದು ನನ್ನ ಭಯ. ಏನು ಮಾಡಲಿ?
– ಹೆಸರು ಬೇಡ, ಹೊರಮಾವು

ಉತ್ತರ: ನಿಮ್ಮಿಬ್ಬರ ಮನೆತನದಲ್ಲಿ ರಕ್ತಕ್ಕೆ ಸಂಬಂಧಿಸಿದ ವಂಶಪಾರಂಪರ್ಯ ಕಾಯಿಲೆ ಇಲ್ಲವಾದರೆ ಆ ದುಡ್ಡು ಕಟ್ಟಬೇಡಿ. ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಆದರೆ ನಿಮಗೆ ಹೇಳಿರುವ ಮಾತಿನಲ್ಲಿ ಒಂದು ಜಾಣತನವಿದೆ, ಅದನ್ನು ಬಿಡಿಸಿ ನೋಡಬೇಕು. ಬರೀ ಭಯ ಹುಟ್ಟಿಸಿದರೆ ಓದಿದವರು ನಂಬುವುದಿಲ್ಲ. ಹಾಗಾಗಿ ಪತ್ರಿಕೆಯಲ್ಲಿ ಬಂದ ಹೊಸ ಚಿಕಿತ್ಸೆಗಳ ಹೆಸರನ್ನು ಸಾಕ್ಷಿಗೆ ಕರೆದಿದ್ದಾರೆ. ಆ ಚಿಕಿತ್ಸೆಗಳು ನಿಜ. ಅವುಗಳಲ್ಲಿ ಹೆಚ್ಚಿನವಕ್ಕೆ ರೋಗಿಯ ಸ್ವಂತ ಕೋಶ ಬೇಕೆನ್ನುವುದೂ ನಿಜ. ಆ ಕೋಶವನ್ನು ಎಲ್ಲಿಂದ, ಯಾವಾಗ ತೆಗೆಯುತ್ತಾರೆ ಎಂದು ಮಾತ್ರ ನಿಮಗೆ ಯಾರೂ ಹೇಳಲಿಲ್ಲ. ಅದನ್ನು ಕೇಳಿದರೆ ಸಾಕು, ಕರೆದ ಸಾಕ್ಷಿಯೇ ಕರೆದವರಿಗೆ ಎದುರಾಗಿ ನಿಲ್ಲುತ್ತದೆ.

ಬಳ್ಳಿ ರಕ್ತದಲ್ಲಿ ಇರುವುದು ರಕ್ತ ತಯಾರಿಸುವ ಆಕರಕೋಶ. ಬೀಜದ ಭತ್ತ ಇದ್ದ ಹಾಗೆ. ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ ಎಲ್ಲವೂ ಅದರಿಂದಲೇ ಹುಟ್ಟುತ್ತವೆ. ದೊಡ್ಡವರಲ್ಲಿ ಇದೇ ಜಾತಿಯ ಕೋಶ ಮೂಳೆಮಜ್ಜೆಯಲ್ಲಿ ಜೀವಮಾನವಿಡೀ ಇರುತ್ತದೆ. ಬಳ್ಳಿ ರಕ್ತದ ಮೊದಲ ಕಸಿ ನಡೆದದ್ದು 1988ರಲ್ಲಿ, ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ. ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆಯ ತಂಡ ಅಮೆರಿಕದಿಂದ ಬಂದ ಐದು ವರ್ಷದ ಹುಡುಗನೊಬ್ಬನಿಗೆ ಅದನ್ನು ಮಾಡಿತು. ಅವನಿಗಿದ್ದದ್ದು ಫ್ಯಾಂಕೋನಿ ಅನೀಮಿಯಾ, ಹುಟ್ಟಿನಿಂದಲೇ ಮಜ್ಜೆ ಸೋಲುತ್ತ ಬರುವ ಕಾಯಿಲೆ. ಅವನು ಬದುಕಿದ, ಬಳ್ಳಿ ರಕ್ತಕ್ಕೆ ವೈದ್ಯಲೋಕದಲ್ಲಿ ಬೆಲೆ ಬಂತು. ಆದರೆ ಅವನಿಗೆ ಹಾಕಿದ್ದು ಅವನ ರಕ್ತವನ್ನಲ್ಲ, ಆಗಷ್ಟೇ ಹುಟ್ಟಿದ ತಂಗಿಯ ಬಳ್ಳಿಯ ರಕ್ತವನ್ನು. ಅವನದೇ ಬಳ್ಳಿ ರಕ್ತ ಎಲ್ಲಾದರೂ ಇದ್ದಿದ್ದರೂ ಉಪಯೋಗಕ್ಕೆ ಬರುತ್ತಿರಲಿಲ್ಲ, ಏಕೆಂದರೆ ರೋಗ ಅದರಲ್ಲೂ ಇರುತ್ತಿತ್ತು. ಎಂಬತ್ತು ಕಾಯಿಲೆಗಳ ಪಟ್ಟಿಯನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ. ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿ ಬಹುಪಾಲು ಬೇರೆಯವರ ಕೋಶದಿಂದ ವಾಸಿಯಾಗುವ ಕಾಯಿಲೆಗಳು.

ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆ ಇರುವ ಮಗುವಿನ ಪ್ರತಿ ಕೋಶದಲ್ಲೂ ಅದೇ ದೋಷವಿರುವ ಜೀನ್ ಇರುತ್ತದೆ, ಹಾಗಾಗಿ ಅದರದೇ ಬಳ್ಳಿ ರಕ್ತದ ಕಸಿಯಿಂದ ಏನೂ ಬದಲಾಗದು. ರಕ್ತದ ಕ್ಯಾನ್ಸರಿನ ವಿಷಯ ಇನ್ನೂ ಸೂಕ್ಷ್ಮ. ಲಂಡನ್ನಿನ ಮೆಲ್ ಗ್ರೀವ್ಸ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಲ್ಯುಕೇಮಿಯಾ ಬಂದ ಮಕ್ಕಳ ಹಳೆಯ ಕಾರ್ಡುಗಳನ್ನು ಹುಡುಕಿ ತೆಗೆದರು. ಹುಟ್ಟಿದಾಗ ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ಒಣಗಿಸಿಟ್ಟ ರಕ್ತದ ಚುಕ್ಕೆಗಳವು. ವರ್ಷಗಳ ನಂತರ ಕ್ಯಾನ್ಸರಾಗಿ ಕಾಣಿಸಿದ್ದ ಜೀನ್ ದೋಷ ಅನೇಕರ ಚುಕ್ಕೆಯಲ್ಲಿ ಆಗಲೇ ಇತ್ತು. ಅಂದರೆ ಅಂಥ ಮಗುವಿನ ಬಳ್ಳಿ ರಕ್ತ ಕಾದಿಟ್ಟರೆ ರೋಗದ ಮೊಳಕೆಯನ್ನೂ ಜತೆಗೇ ಕಾದಿಟ್ಟ ಹಾಗೆ. ಇನ್ನೊಂದು ಮಾತಿದೆ. ಲ್ಯುಕೇಮಿಯಾದಲ್ಲಿ ಕಸಿ ಕೆಲಸ ಮಾಡುವುದಕ್ಕೆ ಅರ್ಧ ಕಾರಣ, ದಾನಿಯ ಬಿಳಿ ಕಣಗಳು ಉಳಿದ ಕ್ಯಾನ್ಸರ್ ಕೋಶಗಳನ್ನು ಪರಕೀಯವೆಂದು ಗುರುತಿಸಿ ಕೊಲ್ಲುವುದು. ಸ್ವಂತ ಕೋಶಕ್ಕೆ ಆ ಪರಕೀಯತೆ ಕಾಣುವುದಿಲ್ಲ. ಇವನ್ನೆಲ್ಲ ನೋಡಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮುಂದೆ ತನಗೇ ಬೇಕಾಗಬಹುದೆಂದು ಬಳ್ಳಿ ರಕ್ತ ಕಾದಿರಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು 2017ರ ಮಾರ್ಗಸೂಚಿಯಲ್ಲಿ ಬರೆಯಿತು.

ಈಗ ಹೊಸ ಚಿಕಿತ್ಸೆಗಳ ವಿಷಯಕ್ಕೆ ಬರೋಣ. ಕಾರ್-ಟಿ ಎಂದರೆ ರೋಗಿಯ ಟಿ ಕೋಶಗಳನ್ನು, ಅಂದರೆ ಕಾವಲಿನ ಬಿಳಿ ಕಣಗಳನ್ನು ಹೊರತೆಗೆದು, ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವ ಜೀನನ್ನು ಅವಕ್ಕೆ ಸೇರಿಸಿ, ಬೆಳೆಸಿ, ಮತ್ತೆ ಮೈಗೆ ಬಿಡುವುದು. ಭಾರತದಲ್ಲೇ ತಯಾರಾದ ಮೊದಲ ಕಾರ್-ಟಿ ನೆಕ್ಸ್‌ಕಾರ್19. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ರೂಪುಗೊಂಡು 2023ರ ಅಕ್ಟೋಬರಿನಲ್ಲಿ ಅನುಮತಿ ಪಡೆಯಿತು. ನಮ್ಮ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ 2025ರ ಆರಂಭದಲ್ಲಿ ಬಂತು. ಎರಡಕ್ಕೂ ಬೇಕಾದ ಟಿ ಕೋಶ ಸಿಗುವುದು ರೋಗಿಯ ತೋಳಿನ ರಕ್ತನಾಳದಲ್ಲಿ, ಚಿಕಿತ್ಸೆ ಶುರುವಾಗುವ ಕೆಲವು ವಾರಗಳ ಮುಂಚೆ. ರಕ್ತ ಯಂತ್ರದೊಳಗೆ ಸುತ್ತಿ ಬರುತ್ತದೆ, ಬೇಕಾದ ಕೋಶ ಮಾತ್ರ ಅಲ್ಲಿ ಉಳಿಯುತ್ತದೆ, ಮಿಕ್ಕಿದ್ದು ಮೈಗೆ ವಾಪಸು. ಇಪ್ಪತ್ತು ವರ್ಷದ ಹಿಂದೆ ಬ್ಯಾಂಕಿನ ಶೀತಲ ಟ್ಯಾಂಕಿನಲ್ಲಿಟ್ಟದ್ದನ್ನು ಇದರಲ್ಲಿ ಎಲ್ಲೂ ಕೇಳುವುದಿಲ್ಲ.

ಜೀನ್ ಥೆರಪಿಯ ಕಥೆಯೂ ಹಾಗೆಯೇ. ವೆಲ್ಲೂರಿನ ಸಿಎಂಸಿಯಲ್ಲಿರುವ ಆಕರಕೋಶ ಸಂಶೋಧನಾ ಕೇಂದ್ರ ನಮ್ಮ ಜಿಕೆವಿಕೆ ಪಕ್ಕದ ಇನ್‌ಸ್ಟೆಮ್ ಸಂಸ್ಥೆಯ ಅಂಗ. ಅಲ್ಲಿನ ಅಲೋಕ್ ಶ್ರೀವಾಸ್ತವ ಮತ್ತು ಸಂಗಡಿಗರು ತೀವ್ರ ಹಿಮೋಫಿಲಿಯಾ-ಎ ಇದ್ದ ಐದು ಮಂದಿಗೆ ಜೀನ್ ಥೆರಪಿ ಕೊಟ್ಟರು, ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ರಕ್ತ ಹೆಪ್ಪುಗಟ್ಟದ ಕುಸುಮ ರೋಗ ಅದು. ಚಿಕಿತ್ಸೆಯಾದ ಮೇಲೆ ಐವರಿಗೂ ರಕ್ತಸ್ರಾವದ ಕಾಟ ನಿಂತಿತು. ಐವರೂ ವಯಸ್ಕರು. ಚುಚ್ಚುಮದ್ದು ಕೊಟ್ಟು ಅವರ ಮಜ್ಜೆಯಲ್ಲಿದ್ದ ಆಕರಕೋಶಗಳನ್ನು ರಕ್ತಕ್ಕೆ ಇಳಿಸಿ, ಅಲ್ಲಿಂದ ಸೋಸಿ, ಸರಿಯಾದ ಜೀನ್ ತುಂಬಿ ಹಿಂದಕ್ಕೆ ಕೊಟ್ಟರು. 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಒಪ್ಪಿದ ಕ್ಯಾಸ್‌ಜೆವಿ, ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕುಡಗೋಲು ಕಣ ರೋಗಕ್ಕೂ ಥಲಸ್ಸೀಮಿಯಾಕ್ಕೂ ಮಾಡುವ ಚಿಕಿತ್ಸೆ. ಅದರದ್ದೂ ಇದೇ ದಾರಿ. ಈ ಎಲ್ಲ ಶೋಧಗಳ ತಿರುಳು, ವಯಸ್ಕರ ಮೈಯಿಂದ ಬೇಕಾದಾಗ ಕೋಶ ತೆಗೆದು ಬೇಕಾದಂತೆ ತಿದ್ದಬಹುದು ಎಂಬುದು. ಇವುಗಳ ಸುದ್ದಿ ಹೆಚ್ಚಿದಷ್ಟೂ ಹುಟ್ಟಿದ ದಿನವೇ ಕಾದಿಡುವ ಅಗತ್ಯ ಕಡಿಮೆಯಾಗಬೇಕು. ವ್ಯಾಪಾರದಲ್ಲಿ ಅದು ತಿರುಗುಮುರುಗಾಗಿದೆ.

‘ಇಂದಿನ ಮಾತು ಸರಿ, ಮೂವತ್ತು ವರ್ಷದ ಮುಂದಿನದನ್ನು ಯಾರು ಕಂಡವರು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಸ ಮೂತ್ರಪಿಂಡ, ಹೊಸ ಹೃದಯಸ್ನಾಯು ಬೆಳೆಸುವ ಕಾಲ ಬಂದರೆ? ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನು ಭ್ರೂಣದ ಆಕರಕೋಶದಂತೆ ಮಾಡಿದರು, ಮರುವರ್ಷ ಮನುಷ್ಯರ ಕೋಶದಲ್ಲೂ ಸಾಧಿಸಿದರು, 2012ರಲ್ಲಿ ನೊಬೆಲ್ ಪಡೆದರು. ಅಂಗ ಬೆಳೆಸುವ ಕನಸು ಇವತ್ತು ನಿಂತಿರುವುದು ಬಹುಪಾಲು ಆ ದಾರಿಯ ಮೇಲೆ, ಅದಕ್ಕೆ ಚಿಟಿಕೆ ಚರ್ಮವೋ ಒಂದು ಸಿರಿಂಜ್ ರಕ್ತವೋ ಸಾಕು. ಬಳ್ಳಿ ರಕ್ತಕ್ಕೆ ಹೊಸ ಉಪಯೋಗವೇ ಇಲ್ಲವೆಂದು ನಾನು ಹೇಳುವುದಿಲ್ಲ. ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯವರು ಬಳ್ಳಿ ರಕ್ತದ ಎನ್‌ಕೆ ಕೋಶಗಳನ್ನು, ಅಂದರೆ ಕ್ಯಾನ್ಸರನ್ನು ಕೊಲ್ಲಬಲ್ಲ ಇನ್ನೊಂದು ಬಗೆಯ ಬಿಳಿ ಕಣಗಳನ್ನು, ತಿದ್ದಿ 11 ರೋಗಿಗಳಿಗೆ ಕೊಟ್ಟು, 8 ಮಂದಿಯಲ್ಲಿ ಗುಣ ಕಂಡದ್ದನ್ನು 2020ರಲ್ಲಿ ಪ್ರಕಟಿಸಿದರು. ಒಳ್ಳೆಯ ಕೆಲಸ. ಆದರೆ ಆ ಕೋಶಗಳೂ ಯಾರೋ ದಾನ ಕೊಟ್ಟ ಬಳ್ಳಿಯವು, ರೋಗಿಗಳವಲ್ಲ.

ಬ್ಯಾಂಕಿನವರ ಇನ್ನೊಂದು ಮಾತು, ಸದಸ್ಯರೆಲ್ಲರ ರಕ್ತ ಒಂದೇ ಕಣಜದಲ್ಲಿರುತ್ತದೆ, ಹೊಂದುವುದನ್ನು ನಿಮ್ಮ ಮಗು ಪಡೆಯಬಹುದು ಎಂಬುದು. ಸ್ವಂತಕ್ಕೆ ಬೇಕಾಗದು ಎಂಬುದನ್ನು ಅವರೇ ಒಪ್ಪಿಕೊಂಡ ಹಾಗಾಯಿತು, ಇರಲಿ. ಒಂದು ಬಳ್ಳಿಯಿಂದ ಸಿಗುವ ಕೋಶ ಚಿಕ್ಕ ಮಗುವಿಗೆ ಸಾಕಾಗಬಹುದು, ಬೆಳೆದವರಿಗೆ ಸಾಮಾನ್ಯವಾಗಿ ಸಾಲದು. ಅಷ್ಟರಲ್ಲಿ ಕಸಿ ವೈದ್ಯರೇ ದಾರಿ ಬದಲಿಸಿದ್ದಾರೆ. ತಂದೆಯೋ ತಾಯಿಯೋ ಅರ್ಧಕ್ಕೆ ಹೊಂದುವುದು ಸಹಜ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಬೆಳೆದ ವಿಧಾನದಂತೆ, ಕಸಿಯಾದ ಮೇಲೆ ಸೈಕ್ಲೋಫಾಸ್ಫಮೈಡ್ ಎಂಬ ಔಷಧ ಕೊಟ್ಟು ಅರ್ಧ ಹೊಂದಿಕೆಯಲ್ಲೂ ಕಸಿ ಮಾಡುತ್ತಾರೆ. ಪೂರ್ತಿ ಹೊಂದುವ ಹೊರಗಿನ ದಾನಿ ಬೇಕಾದರೆ ನೋಂದಣಿಯ ದಾರಿ ಇದೆ. ಅದು ನಿಮ್ಮಿಂದ ದೂರವೂ ಅಲ್ಲ: ಬಾಣಸವಾಡಿ ದಾಟಿ ಹೊಸ ತಿಪ್ಪಸಂದ್ರಕ್ಕೆ ಹೋದರೆ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟಿನ ರಕ್ತಕೇಂದ್ರ. ಆ ಟ್ರಸ್ಟು ಜರ್ಮನಿಯ ಡಿಕೆಎಂಎಸ್ ಜತೆ ಸೇರಿ ಆಕರಕೋಶ ದಾನಿಗಳ ಪಟ್ಟಿ ಆರಂಭಿಸಿತು. 18ರಿಂದ 55 ವರ್ಷದ ಆರೋಗ್ಯವಂತರು ಕೆನ್ನೆಯ ಒಳಗೆ ಹತ್ತಿ ಸವರಿ ಕೊಟ್ಟರೆ ಹೆಸರು ದಾಖಲಾಗುತ್ತದೆ, ದುಡ್ಡಿನ ಮಾತಿಲ್ಲ. ನಮ್ಮ ದೇಶದ ರೋಗಿಗೆ ಹೊಂದುವ ದಾನಿ ಸಿಗದಿರುವುದಕ್ಕೆ ದೊಡ್ಡ ಕಾರಣ ಈ ಪಟ್ಟಿ ಚಿಕ್ಕದಿರುವುದೇ.

ಆಟಿಸಂ, ಸೆರೆಬ್ರಲ್ ಪಾಲ್ಸಿಯ ಹೆಸರೂ ಕೆಲವರ ಬಾಯಲ್ಲಿ ಬರುತ್ತದೆ. ಆಟಿಸಂಗೆ ಬಳ್ಳಿ ರಕ್ತ ಕೊಟ್ಟು ಡ್ಯೂಕ್ ವಿಶ್ವವಿದ್ಯಾಲಯ ನಡೆಸಿದ ದೊಡ್ಡ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು, ಒಟ್ಟಾರೆ ಮಕ್ಕಳ ಸಾಮಾಜಿಕ ನಡವಳಿಕೆಯಲ್ಲಿ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ. ಸೆರೆಬ್ರಲ್ ಪಾಲ್ಸಿಯಲ್ಲಿ ಕೈಕಾಲಿನ ಚಲನೆಗೆ ಸ್ವಲ್ಪ ಅನುಕೂಲದ ಸೂಚನೆ ಇದೆ, ಆದರೆ ಅದಿನ್ನೂ ಪರೀಕ್ಷೆಯ ಹಂತ. ನೊಂದ ತಂದೆತಾಯಿಗೆ ಸೂಚನೆಯನ್ನು ಭರವಸೆಯಾಗಿ ಮಾರುವುದು ನನಗೆ ಒಪ್ಪಿಗೆಯಿಲ್ಲ.

‘ಬೇಡದಿದ್ದರೂ ಕಾದಿಟ್ಟರೆ ನಷ್ಟವೇನು, ವಿಮೆ ಇದ್ದ ಹಾಗೆ’ ಎನ್ನುವವರಿಗೆ ನನ್ನ ಉತ್ತರ ದುಡ್ಡಿನದಲ್ಲ. ಆ ರಕ್ತಕ್ಕೆ ಅದೇ ಹೊತ್ತಿನಲ್ಲಿ ಇನ್ನೊಬ್ಬ ಹಕ್ಕುದಾರನಿದ್ದಾನೆ: ಆಗಷ್ಟೇ ಹುಟ್ಟಿದ ಮಗು. ಹುಟ್ಟಿದ ಕೂಡಲೇ ಬಳ್ಳಿಗೆ ಕ್ಲಿಪ್ ಹಾಕದೆ ಬಿಟ್ಟರೆ ಮಾಸಿನಲ್ಲಿದ್ದ ರಕ್ತ ಮಗುವಿಗೆ ಹರಿಯುತ್ತದೆ, ಒಂದು ನಿಮಿಷದಲ್ಲಿ ಸುಮಾರು 80 ಮಿ.ಲೀ., ಮೂರು ನಿಮಿಷದಲ್ಲಿ ಸುಮಾರು 100 ಮಿ.ಲೀ. ಮೂರು ಕೆ.ಜಿ. ತೂಗುವ ಮಗುವಿನ ಮೈಯಲ್ಲಿ ಇರುವ ರಕ್ತವೇ ಕಾಲು ಲೀಟರಿನ ಆಸುಪಾಸು, ಅದರ ಲೆಕ್ಕದಲ್ಲಿ ಇದೇನು ಚಿಲ್ಲರೆಯಲ್ಲ. ಆ ರಕ್ತದಲ್ಲಿರುವ ಕಬ್ಬಿಣ ಮುಂದಿನ ತಿಂಗಳುಗಳಿಗೆ ಮಗುವಿನ ಬುತ್ತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5% ಮಂದಿಗೆ ರಕ್ತಹೀನತೆ ಇತ್ತು. ಮೂವರಲ್ಲಿ ಇಬ್ಬರು! ಬರುವುದೇ ಅಪರೂಪವಾದ ಕಾಯಿಲೆಗೆ ಕಾದಿಡುವ ಭರದಲ್ಲಿ ಇಷ್ಟೊಂದು ಮಕ್ಕಳಿಗೆ ಬರುವಂಥದ್ದನ್ನು ಮರೆತ ಹಾಗಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ ಕ್ಲಿಪ್ ಹಾಕಲು ಕನಿಷ್ಠ ಒಂದು ನಿಮಿಷ ಕಾಯಬೇಕೆನ್ನುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಈ ಕಾಯುವಿಕೆ ಸಾವನ್ನೇ ಕಡಿಮೆ ಮಾಡುತ್ತದೆ ಎಂಬುದು 2023ರ ದೊಡ್ಡ ವಿಶ್ಲೇಷಣೆಯಲ್ಲಿ ಕಂಡಿದೆ. ಕಾದೂ ಸಂಗ್ರಹಿಸಬಹುದಲ್ಲ ಎಂದರೆ ಸಂಗ್ರಹಿಸಬಹುದು, ಆದರೆ ಕಾದಷ್ಟೂ ಚೀಲಕ್ಕೆ ಬೀಳುವುದು ಕಡಿಮೆ. ಇನ್ನು ಟ್ಯಾಂಕು ಕೆಡುವುದಿಲ್ಲ ಎಂಬ ಭರವಸೆಯೂ ಪೂರ್ತಿಯಲ್ಲ. ಸಿಂಗಪುರದ ಖಾಸಗಿ ಬ್ಯಾಂಕೊಂದರಲ್ಲಿ ತಂಪು ಏರುಪೇರಾಗಿ ಸುಮಾರು 2,200 ಕುಟುಂಬಗಳು ಕಾದಿಟ್ಟದ್ದು ಹಾಳಾದದ್ದನ್ನು ಅಲ್ಲಿನ ಆರೋಗ್ಯ ಸಚಿವಾಲಯ 2023ರಲ್ಲಿ ಹೊರಗೆಡವಿತು.

ಕಾದಿಡಬೇಕಾದ ಸಂದರ್ಭ ಒಂದಿದೆ. ಮನೆಯಲ್ಲಿ ಮೊದಲ ಮಗುವಿಗೆ ಥಲಸ್ಸೀಮಿಯಾದಂಥ ಕಾಯಿಲೆ ಇದ್ದು, ಹುಟ್ಟುವ ತಮ್ಮನೋ ತಂಗಿಯೋ ಅದಕ್ಕೆ ಹೊಂದುವ ಸಾಧ್ಯತೆ ಇದ್ದರೆ, ಅದು ನಾಲ್ಕರಲ್ಲಿ ಒಂದು ಪಾಲು, ಆಗ ಕಸಿ ವೈದ್ಯರ ಸಲಹೆಯಂತೆ ಕಾದಿಡಬೇಕು. ನಿಮ್ಮದು ಚೊಚ್ಚಲು, ಆ ಪ್ರಶ್ನೆ ಬಾರದು. ಆದರೆ ಹೆಂಡತಿಗೆ ಎಚ್‌ಬಿ ಎ2 ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆ ಆಗಿದೆಯೇ ವಿಚಾರಿಸಿ. ಮೊದಲ ಮೂರು ತಿಂಗಳಲ್ಲೇ ಆಗಬೇಕಾದದ್ದು. ಆಗಿರದಿದ್ದರೆ ಈಗಲಾದರೂ ಮಾಡಿಸಿ. ಅವರು ಥಲಸ್ಸೀಮಿಯಾ ವಾಹಕಿ ಎಂದು ತಿಳಿದರೆ ನೀವೂ ಮಾಡಿಸಿಕೊಳ್ಳಿ. ಹುಟ್ಟಿದ ಎರಡು ಮೂರು ದಿನದಲ್ಲಿ ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಥೈರಾಯ್ಡ್ ಮುಂತಾದವನ್ನು ನೋಡುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಥೈರಾಯ್ಡ್ ಕೊರತೆ ಆಗಲೇ ಸಿಕ್ಕಿದರೆ ದಿನಕ್ಕೊಂದು ಮಾತ್ರೆ ಬುದ್ಧಿಯ ಬೆಳವಣಿಗೆಯನ್ನು ಕಾಪಾಡುತ್ತದೆ. 75 ಸಾವಿರದ ಪಕ್ಕದಲ್ಲಿ ಇದರ ಖರ್ಚು ಲೆಕ್ಕಕ್ಕೇ ಬಾರದು, ಮನೆಗೆ ಬಂದು ಇದನ್ನು ಮಾರುವವರೂ ಇಲ್ಲ.

ಪ್ರಶ್ನೆ: ನಾವು ಹೋದ ವರ್ಷವೇ ಕಟ್ಟಿಬಿಟ್ಟಿದ್ದೇವೆ, ರಕ್ತವೂ ಬಳ್ಳಿಯ ತುಂಡೂ ಎರಡೂ ಸೇರಿ. ಈಗ ಏನು?
– ಇನ್ನೊಬ್ಬ ಓದುಗರು, ಕೆ.ಆರ್. ಪುರ

ಉತ್ತರ: ಕೊರಗಬೇಡಿ, ಮಗುವಿಗೆ ತೊಂದರೆಯೇನೂ ಇಲ್ಲ. ಬ್ಯಾಂಕಿನಿಂದ ಲಿಖಿತ ವರದಿ ತರಿಸಿಕೊಳ್ಳಿ: ಒಟ್ಟು ಕೋಶ ಎಷ್ಟು, ಅದರಲ್ಲಿ ಜೀವಂತ ಎಷ್ಟು, ಸೋಂಕು ಇದೆಯೇ. ಬಳ್ಳಿಯ ತುಂಡು, ಮಾಸು, ಹಲ್ಲಿನ ತಿರುಳು ಇವನ್ನು ವ್ಯಾಪಾರಕ್ಕಾಗಿ ಕಾದಿಡಲು ಐಸಿಎಂಆರ್ ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ. ಹಾಗಾಗಿ ಆ ಭಾಗದ ಕಂತು ಬಾಕಿಯಿದ್ದರೆ ಕಟ್ಟುವ ಮೊದಲು ಕರಾರುಪತ್ರ ಓದಿ, ಯಾವ ಲೈಸೆನ್ಸಿನ ಮೇಲೆ ಇಟ್ಟಿದ್ದೀರಿ ಎಂದು ಬರೆದು ಕೇಳಿ. ಎರಡನೇ ಹೆರಿಗೆ ಇದ್ದರೆ, ಕ್ಲಿಪ್ ಹಾಕಲು ಕನಿಷ್ಠ ಒಂದು ನಿಮಿಷ ಕಾಯಬೇಕೆಂದು ನಿಮ್ಮ ಹೆರಿಗೆ ವೈದ್ಯರಿಗೆ ಮೊದಲೇ ಹೇಳಿ, ಫೈಲಿನಲ್ಲಿ ಬರೆಸಿಡಿ.