ಹದಿನೆಂಟು ತುಂಬಿದರೂ ಹಳೆಯ ಬಾಕಿ ತೀರದು

ಮಗುವಿಗೆ ಜೀವನಾಂಶ ಕೊಡಬೇಕೆಂದು ಕೋರ್ಟ್ ಆದೇಶವಾಗಿರುವ ಮನೆಗಳಲ್ಲಿ ಎರಡನೇ ಸಲ ಜಗಳ ಏಳುವುದು ಆ ಮಗುವಿಗೆ 18 ತುಂಬುವ ಹೊತ್ತಿಗೆ. ತಂದೆ ಹಣ ನಿಲ್ಲಿಸುತ್ತಾನೆ. ಅದರ ಜೊತೆಗೇ, ಹಿಂದಿನ ಎರಡು ಮೂರು ವರ್ಷ ಕೊಡದೆ ಉಳಿಸಿಕೊಂಡದ್ದೂ ಮುಗಿದ ಲೆಕ್ಕ ಎನ್ನುತ್ತಾನೆ. ವಯಸ್ಸಿಗೆ ಬಂದಾಯಿತಲ್ಲ, ಇನ್ನೇನು ಕೇಳುವುದು ಎಂದು ತಾಯಿಯೂ ಸುಮ್ಮನಾಗುತ್ತಾಳೆ. ಇಬ್ಬರೂ ಎರಡು ಬೇರೆ ಸಂಗತಿಗಳನ್ನು ಒಂದು ಮಾಡಿಕೊಂಡಿದ್ದಾರೆ. ಮುಂದಿನ ತಿಂಗಳಿಂದ ಕೊಡಬೇಕೇ ಎಂಬುದು ಒಂದು ಪ್ರಶ್ನೆ. ಈಗಾಗಲೇ ಕೊಡಬೇಕಾಗಿದ್ದ ಹಣ ಎಲ್ಲಿ ಎಂಬುದು ಇನ್ನೊಂದು. ಮೊದಲನೆಯದನ್ನು ವಯಸ್ಸು ತೀರ್ಮಾನಿಸಬಹುದು. ಎರಡನೆಯದನ್ನು ವಯಸ್ಸು ತೀರ್ಮಾನಿಸುವುದಿಲ್ಲ. ಮಗು ಚಿಕ್ಕದಾಗಿದ್ದಾಗ ಸಲ್ಲಬೇಕಾಗಿದ್ದ ಪ್ರತಿ ತಿಂಗಳ ಹಣವೂ ಅಂದಂದಿಗೇ ಸಾಲವಾಗಿ ನಿಂತಿದೆ. ಹುಟ್ಟುಹಬ್ಬ ಬಂತೆಂದು ಆ ಸಾಲ ಅಳಿಸಿಹೋಗುವುದಿಲ್ಲ.

ಹೊಣೆ ಯಾವಾಗ ಮುಗಿಯುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ, ಏಕೆಂದರೆ ಯಾವ ಕಾನೂನಿನಡಿ ಕೇಳಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಹೆಚ್ಚಿನವರು ಹೋಗುವುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ದಾರಿಯಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಜಾತಿ ಧರ್ಮದ ಭೇದವಿಲ್ಲದೆ, ಮದುವೆಯಾಚೆ ಹುಟ್ಟಿದ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಇಲ್ಲಿ ಗಡಿ 18 ವರ್ಷ. ಅಂಗವೈಕಲ್ಯ ಅಥವಾ ಮಾನಸಿಕ ಕಾರಣದಿಂದ ದುಡಿದು ಬದುಕಲಾಗದ ಮಕ್ಕಳಿಗೆ ಮಾತ್ರ ಆ ಗಡಿಯಿಲ್ಲ, ಆದರೆ ಮದುವೆಯಾದ ಮಗಳು ಆ ವಿನಾಯಿತಿಗೆ ಸೇರುವುದಿಲ್ಲ. ಹೆಣ್ಣುಮಕ್ಕಳ ಮಾತು ಬೇರೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು, ಸ್ವಂತ ಸಂಪಾದನೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾಗದ ಅವಿವಾಹಿತ ಮಗಳ ಹೊಣೆಯನ್ನು 18ರ ಆಚೆಗೂ ಹೆತ್ತವರ ಮೇಲಿಡುತ್ತದೆ. ಆಕೆಯ ಮದುವೆಯ ಖರ್ಚೂ ಅದರಲ್ಲಿ ಸೇರಿದೆ. 2020ರ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು: ಆರೋಗ್ಯವಂತ ವಯಸ್ಕ ಮಗಳು ಮ್ಯಾಜಿಸ್ಟ್ರೇಟ್ ಮುಂದೆ 125ರಡಿ ಕೇಳಲಾಗದು, 1956ರ ಕಾಯ್ದೆಯಡಿ ಕೇಳಬಹುದು. ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳಿಗೆ ಮದುವೆಯಾಗುವವರೆಗೂ ತಂದೆಯಿಂದ ಜೀವನಾಂಶದ ಹಕ್ಕಿದೆ ಎಂದು ಅದೇ ನ್ಯಾಯಾಲಯ 1997ರಲ್ಲಿ ಹೇಳಿದೆ. ಆದ್ದರಿಂದ ಮಗಳಿಗೆ 18 ಆದೊಡನೆ ಬಾಗಿಲು ಮುಚ್ಚಿತು ಎಂದುಕೊಳ್ಳಬಾರದು. ಮುಂದಿನ ಅರ್ಜಿಯನ್ನು ಬೇರೆ ಕಾನೂನಿನಡಿ, ಈಗ ಆಕೆಯ ಹೆಸರಿನಲ್ಲೇ ಹಾಕಬೇಕು.

ಗಂಡುಮಕ್ಕಳ ವಿಷಯದಲ್ಲಿ ಕಾನೂನು ಬಿಗಿ, ನನ್ನ ದೃಷ್ಟಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಬಿಗಿ. ನಮ್ಮಲ್ಲಿ ಹುಡುಗನಿಗೆ 18 ತುಂಬುವುದು ದ್ವಿತೀಯ ಪಿಯುಸಿ ಮುಗಿಯುವ ಆಸುಪಾಸಿನಲ್ಲಿ. ಡಿಗ್ರಿ ಕಾಲೇಜಿಗೆ ಫೀಸು ಕಟ್ಟಬೇಕಾದ ತಿಂಗಳಲ್ಲೇ ಜೀವನಾಂಶ ನಿಲ್ಲುತ್ತದೆ. ಈ ಕಷ್ಟ ಸುಪ್ರೀಂ ಕೋರ್ಟಿಗೆ ಕಂಡದ್ದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವೊಂದರಲ್ಲಿ. ತಂದೆ ಕರ್ನಾಟಕ ಆರೋಗ್ಯ ಇಲಾಖೆಯ ನೌಕರ. ಮಗನಿಗೆ ತಿಂಗಳಿಗೆ 20,000 ರೂಪಾಯಿ ಕೊಡಬೇಕೆಂದು ಕುಟುಂಬ ನ್ಯಾಯಾಲಯದ ಆದೇಶವಾಗಿತ್ತು. ಅಷ್ಟು ಕೊಡುವ ಶಕ್ತಿಯಿಲ್ಲ ಎಂಬ ತಂದೆಯ ಮಾತನ್ನು 2021ರಲ್ಲಿ ಒಪ್ಪಿದ ಸುಪ್ರೀಂ ಕೋರ್ಟ್ ಮೊತ್ತವನ್ನು 10,000ಕ್ಕೆ ಇಳಿಸಿತು. ಆದರೆ ವರ್ಷಕ್ಕೆ 1,000 ರೂಪಾಯಿ ಏರಿಸುತ್ತ, ಮಗ ಮೊದಲ ಪದವಿ ಮುಗಿಸುವವರೆಗೂ ಕೊಡಬೇಕೆಂದಿತು. ಇಂದಿನ ಕಾಲದಲ್ಲಿ 18ಕ್ಕೆ ನಿಲ್ಲಿಸಿದರೆ ಸಾಲದು ಎಂಬುದೇ ಅದರ ಕಾರಣ. ಇದು ಎಲ್ಲರಿಗೂ ತಾನಾಗಿ ಅನ್ವಯಿಸುವ ನಿಯಮವಲ್ಲ, ನಿಜ. ಆದರೂ ಮೊತ್ತ ಕಡಿಮೆಯಾದರೂ ಅವಧಿ ಓದಿಗೆ ತಕ್ಕಂತೆ ಇರಲಿ ಎಂದು ಕೇಳಲು, ರಾಜಿಯಾಗುವಾಗ ‘ಪದವಿ ಮುಗಿಯುವವರೆಗೆ’ ಎಂದು ಬರೆಸಿಕೊಳ್ಳಲು ಇದು ಗಟ್ಟಿ ಆಧಾರ.

ಇನ್ನು ಬಾಕಿಯ ವಿಚಾರ. ಹೆಚ್ಚಿನ ತಾಯಂದಿರು ಸೋಲುವುದು ಇಲ್ಲಿಯೇ, ಅದೂ ವಯಸ್ಸಿನ ಕಾರಣಕ್ಕಲ್ಲ, ತಡಮಾಡಿದ ಕಾರಣಕ್ಕೆ. 144ನೇ ಕಲಮಿನ ಆದೇಶದ ಹಣ ವಸೂಲಿಗೆ ವಾರಂಟ್ ಬೇಕಾದರೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಿಂಗಳಿಗೆ 5,000 ರೂಪಾಯಿಯಂತೆ 30 ತಿಂಗಳು ಕೊಟ್ಟಿಲ್ಲವೆಂದರೆ ಬಾಕಿ 1,50,000. ಇವತ್ತು ಅರ್ಜಿ ಹಾಕಿದರೆ ಈ ದಾರಿಯಲ್ಲಿ ಸಿಗುವುದು ಕೊನೆಯ 12 ತಿಂಗಳ 60,000 ಮಾತ್ರ. ಬಾಕಿ ಬೆಟ್ಟವಾಗುವವರೆಗೆ ಕಾಯ್ದು ಒಮ್ಮೆಲೇ ಕೇಳಿದರೆ ಯಾರಿಂದಲೂ ಕಟ್ಟಲಾಗದು, ಅದಕ್ಕೇ ಈ ಮಿತಿ ಎನ್ನುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಕೂಲಿ ಬಿಟ್ಟು ಕೋರ್ಟಿಗೆ ಅಲೆಯಲಾಗದ ಹೆಂಗಸಿನ ಮೌನದಿಂದ ಲಾಭವಾಗುವುದು ಕೊಡದೆ ಉಳಿಸಿಕೊಂಡವನಿಗೆ. ಈ ಬಿಗಿಯನ್ನು ಸಡಿಲಿಸಿದ್ದೂ ಕರ್ನಾಟಕದಿಂದ ಹೋದ ಪ್ರಕರಣವೇ: ಮೊದಲ ವಸೂಲಿ ಅರ್ಜಿ ವರ್ಷದೊಳಗೆ ಹಾಕಿ ಅದು ಬಾಕಿಯಿದ್ದರೆ, ನಂತರದ ತಿಂಗಳುಗಳ ಹಣವನ್ನೂ ಅದರಲ್ಲೇ ಕೇಳಬಹುದು, ಪ್ರತಿ ವರ್ಷ ಹೊಸ ಅರ್ಜಿ ಬೇಕಿಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಎರಡು ಮೂರು ತಿಂಗಳು ತಪ್ಪಿದೊಡನೆ ಒಂದು ಅರ್ಜಿ ಹಾಕಿ ಅದನ್ನು ಜೀವಂತವಾಗಿಡುವುದೇ ಜಾಣತನ. 1956ರ ಕಾಯ್ದೆಯಂಥ ಸಿವಿಲ್ ಕಾನೂನಿನಡಿ ಡಿಕ್ರಿಯಾಗಿದ್ದರೆ ಅಮಲ್ಜಾರಿಗೆ 12 ವರ್ಷಗಳ ಅವಕಾಶವಿದೆ.

ವಸೂಲಿ ಹೇಗೆ? ಬಿಡದಿಯ ಕಾರ್ಖಾನೆಯಲ್ಲೋ ಸರ್ಕಾರಿ ಕಚೇರಿಯಲ್ಲೋ ಕೆಲಸವಿದ್ದರೆ ಸಂಬಳ ಜಪ್ತಿ ಸುಲಭ. ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ಕಾನೂನಿನ ರಕ್ಷಣೆ. ಆದರೆ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರುಗಳಲ್ಲಿ ವರಮಾನವೆಂದರೆ ರೇಷ್ಮೆಗೂಡು, ತೆಂಗು, ಹಾಲು. ‘ನನಗೆ ಆದಾಯವೇ ಇಲ್ಲ’ ಎನ್ನುವುದು ಇಲ್ಲಿ ಸುಲಭದ ಮಾತು. 2020ರ ರಜನೇಶ್–ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಪಹಣಿ, ಡೇರಿಯ ಲೆಕ್ಕ, ಗೂಡು ಮಾರಿದ ರಸೀದಿ, ಬ್ಯಾಂಕ್ ಪಾಸ್‌ಬುಕ್ ಮುಂದಿಟ್ಟರೆ ಸುಳ್ಳು ನಿಲ್ಲುವುದಿಲ್ಲ. ಈ ಹಣವನ್ನು ದಂಡ ವಸೂಲಿಯ ಕ್ರಮದಲ್ಲೇ ವಸೂಲು ಮಾಡುವುದರಿಂದ, ಭೂಕಂದಾಯದ ಬಾಕಿಯಂತೆ ಜಮೀನಿನಿಂದಲೂ ವಸೂಲು ಮಾಡಲು ಜಿಲ್ಲಾಧಿಕಾರಿಗೆ ವಾರಂಟ್ ಹೋಗಬಹುದು. ಆಗಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋದವನು ದುಡಿಯುವುದೆಂತು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ಕಾರಣವಿಲ್ಲದೆ ಕೊಡದವನಿಗಷ್ಟೇ ಜೈಲು. ಆದರೆ ಜೈಲಲ್ಲಿ ಕಳೆದ ದಿನಗಳಿಂದ ಬಾಕಿ ತೀರುವುದಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1989ರಲ್ಲೇ ಸ್ಪಷ್ಟಪಡಿಸಿದೆ.

ತಂದೆಯ ಕಡೆಯ ಎಲ್ಲ ಮಾತೂ ನೆಪವಲ್ಲ. ಬೆಳೆ ಕೈಕೊಟ್ಟಿರಬಹುದು, ಕೆಲಸ ಹೋಗಿರಬಹುದು, ತಾಯಿಗೂ ಸಂಬಳ ಬರುತ್ತಿರಬಹುದು. ಹೆತ್ತವರಿಬ್ಬರೂ ತಮ್ಮ ಶಕ್ತಿಗೆ ತಕ್ಕಂತೆ ಭರಿಸಬೇಕೆಂಬುದು ಕಾನೂನೇ. ಅಂಥವನು ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಮೊತ್ತ ಇಳಿಸಲು ಅರ್ಜಿ ಹಾಕಬೇಕೇ ಹೊರತು ತಾನೇ ನಿಲ್ಲಿಸುವಂತಿಲ್ಲ. ಮಗುವನ್ನು ನೋಡಲು ಬಿಡುತ್ತಿಲ್ಲ ಎಂಬುದೂ ಹಣ ತಡೆಯಲು ಕಾರಣವಾಗದು. ಭೇಟಿಗೆ ಬೇರೆ ಅರ್ಜಿಯಿದೆ. ಊರ ಪಂಚಾಯ್ತಿಯಲ್ಲಿ ಒಂದಷ್ಟು ಗಂಟು ಕೊಟ್ಟು ಬರೆಸಿಕೊಂಡ ಕಾಗದ ತೋರಿಸುವವರೂ ಉಂಟು. ಹಕ್ಕು ಮಗುವಿನದು, ತಾಯಿ ಸಹಿ ಹಾಕಿದ ಮಾತ್ರಕ್ಕೆ ಅದು ಕರಗುವುದಿಲ್ಲ.

ಜೀವನಾಂಶದ ಅರ್ಜಿಯನ್ನು ತಾಯಿ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹಾಕಬಹುದು. ಅಕ್ಕೂರಿನಂಥ ಊರಿನವರು ಚನ್ನಪಟ್ಟಣಕ್ಕೆ ಹೋಗಬೇಕೋ ರಾಮನಗರಕ್ಕೋ ಎಂಬುದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ ತಿಳಿಸುತ್ತಾರೆ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿದೆ, ಸಹಾಯವಾಣಿ 15100. ಆದೇಶದ ಪ್ರತಿಯನ್ನು ನ್ಯಾಯಾಲಯ ಪುಕ್ಕಟೆ ಕೊಡಬೇಕು, ಮತ್ತು ತಂದೆ ಬೆಂಗಳೂರಿಗೋ ಮತ್ತೆಲ್ಲಿಗೋ ಹೋಗಿ ನೆಲೆಸಿದ್ದರೆ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ಆ ಪ್ರತಿಯನ್ನಿಟ್ಟು ವಸೂಲಿ ಕೇಳಬಹುದು. ಅದರ ಜೊತೆಗೆ ಮಗುವಿನ ಜನನ ಪ್ರಮಾಣಪತ್ರ, ಹಣ ಬಂದ ಮತ್ತು ಬಾರದ ತಿಂಗಳುಗಳ ಪಟ್ಟಿ, ಪಾಸ್‌ಬುಕ್ಕಿನ ನಕಲು ಇರಲಿ.