ಚಿಕಿತ್ಸೆ ಪಡೆದು ಬಂದವನ ಪಕ್ಕದಲ್ಲಿ ಕೂರಿ

ಮಕ್ಕಳೇ, ಕಾಲೇಜಿನಲ್ಲಿ ಪಾಠ ಹೇಳಿ, ಹಾಸ್ಟೆಲ್ ವಾರ್ಡನ್ ಕೆಲಸವನ್ನೂ ಮಾಡಿ ನಿವೃತ್ತನಾದವನು ನಾನು. ತಿಳಿವಳಿಕೆಯಲ್ಲಿ ನೀವು ನಮಗಿಂತ ಮುಂದಿದ್ದೀರಿ, ಸಂತೋಷ. ಒಂದು ವಿಷಯದಲ್ಲಿ ಮಾತ್ರ ಕಳವಳ. ಜಾಂಡೀಸ್ ಆಗಿ ಊರಿಗೆ ಹೋದವನಿಗೆ ನೋಟ್ಸ್ ಬರೆದಿಡುತ್ತೀರಿ. ಮನೋರೋಗಕ್ಕೆ ಮದ್ದು ತೆಗೆದುಕೊಂಡು ಬಂದವನ ಪಕ್ಕ ಕೂರಲು ಹಿಂಜರಿಯುತ್ತೀರಿ.

ನಮ್ಮ ಕಾಲವನ್ನು ಹೊಗಳುವುದಿಲ್ಲ. ಧಾರವಾಡದಲ್ಲಿ 1845ರಿಂದಲೂ ಮಾನಸಿಕ ಆಸ್ಪತ್ರೆ ಇದ್ದರೂ ಜನ ಅದರ ಹೆಸರೆತ್ತಲು ಅಂಜುತ್ತಿದ್ದರು. ಮಗಳ ಮದುವೆ ಮುರಿದೀತೆಂದು ಮನೆಯವರು ಕಾಯಿಲೆ ಬಚ್ಚಿಡುತ್ತಿದ್ದರು. ದೆವ್ವ ಬಿಡಿಸಲು ಗುಡಿ, ದರ್ಗಾ ಸುತ್ತಿಸಿ, ಕೊನೆಗೆ ಕಟ್ಟಿಹಾಕುತ್ತಿದ್ದರು. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಜನ ಓಡಲಾರದೆ ಸತ್ತರು. ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ನೀವು ಯಾರನ್ನೂ ಕಟ್ಟಿಹಾಕುವವರಲ್ಲ. ಆದರೆ ಚಿಕಿತ್ಸೆ ಪಡೆದು ಬಂದವನ ಜೊತೆ ಇರಲಾರದೆ, ರೂಮ್ ಬದಲಿಸಿಕೊಡಿ ಎಂದು ವಾರ್ಡನ್ ಬಳಿ ಅರ್ಜಿ ಹಿಡಿದು ಹೋಗುತ್ತೀರಿ. ಅವನೊಬ್ಬನನ್ನು ಬಿಟ್ಟು ಬೇರೆ ವಾಟ್ಸಾಪ್ ಗ್ರೂಪ್ ಮಾಡುತ್ತೀರಿ. ಬೆನ್ನ ಹಿಂದೆ ‘ನಿಮ್ಹಾನ್ಸ್ ಕೇಸು’ ಎಂದು ನಗುತ್ತೀರಿ. ಆ ನಗುವಿನಿಂದ ನೋಯುವವನು ಅವನೊಬ್ಬನೇ ಎಂದುಕೊಂಡಿರಾ? ಅಲ್ಲೇ ಕುಳಿತ ಇನ್ನೊಬ್ಬಳು, ವಾರಗಳಿಂದ ನಿದ್ದೆಯಿಲ್ಲದೆ ಒದ್ದಾಡುತ್ತಿರುವವಳು, ಅವತ್ತೇ ಬಾಯಿ ಮುಚ್ಚಿಕೊಳ್ಳುತ್ತಾಳೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆ ಆಸ್ಪತ್ರೆಯ ದೂರ ಒಂದು ಕಾರಣವಾದರೆ ನಾಚಿಕೆ ಇನ್ನೊಂದು. ದೂರ ತಗ್ಗಿಸುವುದು ಸರ್ಕಾರದ ಕೆಲಸ, ನಾಚಿಕೆ ತಗ್ಗಿಸುವುದು ನಿಮ್ಮದು.

ದೂರ ತಗ್ಗಿಸಿದ ಉದಾಹರಣೆ ನಮ್ಮಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟರು. ರೋಗಿ ತನ್ನವರ ನಡುವೆಯೇ ಇದ್ದುಕೊಂಡು ಮದ್ದು ಪಡೆಯಬಹುದೆಂದು ಅದು ತೋರಿಸಿತು. ಆ ಮಾದರಿಯ ಮೇಲೆಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆಯಿತು.

ಹಾಸ್ಟೆಲಿನಲ್ಲಿ ಆ ‘ತನ್ನವರು’ ನೀವೇ. ಹಾಗಾಗಿ ಕೆಲವು ಮಾತು ಕೇಳಿ. ಮಾನಸಿಕ ಕಾಯಿಲೆಯವರು ಮೈಮೇಲೆ ಬೀಳುತ್ತಾರೆಂಬ ಭಯ ಸಿನಿಮಾಗಳು ತುಂಬಿದ್ದು. ಹೆಚ್ಚಿನವರು ಯಾರ ಮೇಲೂ ಕೈ ಎತ್ತುವವರಲ್ಲ. ‘ಧೈರ್ಯ ತಂದುಕೋ, ಎಲ್ಲ ಸರಿಹೋಗುತ್ತೆ’ ಎಂದು ಉಪದೇಶ ಬೇಡ, ಕೇಳಿಸಿಕೊಳ್ಳಿ. ‘ಈ ಗುಳಿಗೆಯೆಲ್ಲ ಯಾಕೆ?’ ಎಂದು ಮಾತ್ರ ಹೇಳಬೇಡಿ. ಗುಳಿಗೆ ನಿಲ್ಲಿಸುವುದು, ಬಿಡುವುದು ವೈದ್ಯರಿಗೆ ಸೇರಿದ್ದು. ಅವನ ಕಾಯಿಲೆಯ ಸುದ್ದಿ ಊರೆಲ್ಲ ಹರಡಬೇಡಿ. ಆದರೆ ಸಾಯುವ ಮಾತಾಡಿದರೆ ಗುಟ್ಟು ಕಾಯಬೇಡಿ. ನೇರವಾಗಿ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬನನ್ನೇ ಬಿಡದೆ ವಾರ್ಡನ್‌ಗೆ, ಮನೆಯವರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ.

ನಾಳೆ ನೀವೇ ಮೇಷ್ಟ್ರು, ಅಧಿಕಾರಿ, ಕೆಲಸ ಕೊಡುವವರು ಆಗುತ್ತೀರಿ. ಕಾಯಿಲೆಯಿಂದ ಚೇತರಿಸಿಕೊಂಡವನೊಬ್ಬ ಆಗ ಅರ್ಜಿ ಹಿಡಿದು ನಿಮ್ಮೆದುರು ನಿಲ್ಲುತ್ತಾನೆ. ಈಗ ರೂಢಿಸಿಕೊಂಡ ನಡತೆಯೇ ಅವತ್ತು ನಿಮ್ಮ ಕೈಯಿಂದ ತೀರ್ಪು ಬರೆಸುತ್ತದೆ. ತಿದ್ದಿಕೊಳ್ಳುವ ವಯಸ್ಸು ನಿಮ್ಮದು, ಈ ಸೆಮಿಸ್ಟರಿನಲ್ಲೇ ಶುರು ಮಾಡಿ.